ನಕ್ಕಾಗ ಕೈ ಎಲ್ಲಿತ್ತು

ನಿವೃತ್ತನಾದ ದಿನ ನನಗೆ ಒಂದು ಶಾಲು, ಒಂದು ಗೋಡೆ ಗಡಿಯಾರ ಮತ್ತು ಎಂಟು ಭಾಷಣಗಳು ಸಿಕ್ಕವು. ಶಾಲನ್ನು ಇಲಿ ತಿಂದಿತು, ಗಡಿಯಾರ ನಿಂತಿತು. ಭಾಷಣಗಳು ಮಾತ್ರ ಹಾಗೇ ಇವೆ. ಮಾಡಿದವರ ದನಿ, ಗಂಟಲು ಸರಿಪಡಿಸಿಕೊಂಡದ್ದು, ನನ್ನ ಹೆಸರು ಮರೆತು ಚೀಟಿ ನೋಡಿದ್ದು, ಎಲ್ಲ ಸಮೇತ ಈಗಲೂ ಒಪ್ಪಿಸಬಲ್ಲೆ. ವಯಸ್ಸು ನನಗಾಗಿದೆ, ನನ್ನ ನಾಲಿಗೆಗೆ ಆಗಿಲ್ಲ.

ಕಂಪೌಂಡರ್ ಕೆಲಸಕ್ಕೂ ನರ್ಸ್ ಕೆಲಸಕ್ಕೂ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಬಂದು, ಕೆಲಸ ಹೇಗಿತ್ತು ಹೇಳಿ ಎನ್ನುತ್ತಾರೆ. ಯಾವಾಗ ಯಾವ ಹುದ್ದೆಗೆ ಏರಿದೆ ಎನ್ನುವುದು ಪಿಂಚಣಿ ಕಾಗದದಲ್ಲಿದೆ. ಅದನ್ನು ಓದಿ ಯಾರೂ ಬುದ್ಧಿವಂತರಾಗಿಲ್ಲ. ನನ್ನ ಮೊದಲ ದೊಡ್ಡ ತಪ್ಪಿನ ಕಥೆ ಹೇಳುತ್ತೇನೆ. ಅದರಿಂದ ಒಬ್ಬ ಹೆಣ್ಣುಮಗಳ ಪ್ರಾಣ ಹೋಗುವುದರಲ್ಲಿತ್ತು.

ಪೊಲೀಸ್ ಆಕ್ಷನ್ ಮುಗಿದ ಮರುವರ್ಷ. ನಿಜಾಮರ ಆಡಳಿತ ಹೋಗಿತ್ತು, ಹೈದರಾಬಾದ್ ರಾಜ್ಯ ಉಳಿದಿತ್ತು. ಕಚೇರಿಗಳಲ್ಲಿ ಕುರ್ಚಿಗಳು ಅವೇ, ಕಾಗದಗಳೂ ಇನ್ನೂ ಉರ್ದುವಿನವೇ. ನಾರಾಯಣಪೇಟೆಯಲ್ಲಿ ಡಾಕ್ಟರ್ ಯಮುನಾಬಾಯಿ ಎನ್ನುವವರು ಒಬ್ಬ ಸೀರೆ ವ್ಯಾಪಾರಿಯ ಹಳೆಯ ಮನೆಯನ್ನು ಬಾಡಿಗೆಗೆ ಹಿಡಿದು ಹೆಂಗಸರ ದವಾಖಾನೆ ನಡೆಸುತ್ತಿದ್ದರು. ರಾಯಚೂರಿನವರು, ಹೈದರಾಬಾದಿನಲ್ಲಿ ಓದಿದವರು. ಉರ್ದು ಓದಿ ಬರೆಯಲು, ಕನ್ನಡ ತೆಲುಗು ಎರಡನ್ನೂ ಮಾತಾಡಲು ಬರುವ ಒಬ್ಬ ಮನುಷ್ಯ ಬೇಕೆಂದು ಹೇಳಿಕಳಿಸಿದ್ದರು. ನಾನು ಹೋದೆ. ಅವರು ಒಳಗಿದ್ದರು. ಕಾಯುವ ಹೊತ್ತು ಕಳೆಯಲೆಂದು, ಬಾಗಿಲಲ್ಲಿ ಕೂತಿದ್ದ ಆಯಾ ಹುಸೇನಬಿಯ ಮುಂದೆ ನಮ್ಮ ತಹಶೀಲ್ದಾರರ ನಕಲು ಮಾಡಿದೆ: ಬಾಯಿತುಂಬ ಪಾನು, ಮೂಗಿನಲ್ಲಿ ಮಾತು, ಎರಡು ಶಬ್ದಕ್ಕೊಮ್ಮೆ "ಅಚ್ಛಾ, ಅಚ್ಛಾ".

ಒಳಗಿನಿಂದ ಡಾಕ್ಟರಮ್ಮ ಸೆರಗು ಸರಿಪಡಿಸಿಕೊಳ್ಳುತ್ತ ಓಡಿಬಂದರು. "ಸಾಹೇಬ್ರು ಎಲ್ಲಿ ಅದಾರ?"

ಹುಸೇನಬಿ ಬೆರಳು ತೋರಿಸಿದಳು. "ಇವನೇ ನೋಡ್ರಿ ಅಮ್ಮಾರ ಸಾಹೇಬ. ಪಾಪ, ಚಪ್ಪಲಿ ಸೈತ ಇಲ್ಲ ಬಿಚಾರಾಗೆ."

ಡಾಕ್ಟರಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಉರ್ದು ಬರ್ತೈತಿ. ಕಿವಿ ಚಲೋ ಐತಿ. ನಾಳಿಂದ ಬಾ. ಬಾಯಿ ಮನ್ಯಾಗ ಇಟ್ಟು ಬಾ."

ಮೂರನೇ ದಿನವೇ ನನ್ನನ್ನು ಆಪರೇಷನ್ ಕೋಣೆಗೆ ಕರೆದರು. ಅಲ್ಲಿಗೆ ಬರುತ್ತಿದ್ದ ಹೆಂಗಸರಲ್ಲಿ ಬಹಳ ಮಂದಿಗೆ ಗರ್ಭಕೋಶದಲ್ಲಿ ಗಡ್ಡೆ. ಕ್ಯಾನ್ಸರಿನ ಗಡ್ಡೆಯಲ್ಲ, ಮಾಂಸದ ಗಂಟು. ಆದರೆ ತಿಂಗಳು ತಿಂಗಳೂ ಮೈಯ ರಕ್ತವನ್ನೆಲ್ಲ ಬಸಿದುಹಾಕುತ್ತದೆ. ನನ್ನ ಕೆಲಸ ಬಿಳಿ ತಟ್ಟೆ ಹಿಡಿದು ನಿಲ್ಲುವುದು. ಡಾಕ್ಟರಮ್ಮ ತೆಂಗಿನಕಾಯಿಯಷ್ಟು ದೊಡ್ಡ ಗಡ್ಡೆಯನ್ನು ತಟ್ಟೆಗಿಟ್ಟರು. ನಾನು ತಟ್ಟೆಯನ್ನೂ ಗಡ್ಡೆಯನ್ನೂ ನನ್ನನ್ನೂ ಒಟ್ಟಿಗೇ ನೆಲಕ್ಕೆ ಹಾಕಿದೆ. ಎಚ್ಚರವಾದಾಗ ಹುಸೇನಬಿ ನನ್ನ ಮುಖಕ್ಕೆ ನೀರು ಚಿಮುಕಿಸುತ್ತ, "ಗಡ್ಡಿ ತೆಗಿಸಿಕೊಂಡಾಕಿ ಗಟ್ಟಿ ಅದಾಳ, ಇವನನ್ನ ಯಾವ ಮಂಚಕ್ಕ ಹಾಕಲ್ರಿ?" ಎಂದು ಕೇಳುತ್ತಿದ್ದಳು. ಹೊಸಬರೇ, ಬೀಳುವುದು ನಾಚಿಕೆಯ ವಿಷಯವಲ್ಲ. ತಟ್ಟೆಯನ್ನು ಕೆಳಗಿಟ್ಟು ಬೀಳಿ.

ಡಾಕ್ಟರಮ್ಮನಿಗೆ ಗಡ್ಡೆ ತೆಗೆಯುವುದು ಕಷ್ಟವಾಗಿರಲಿಲ್ಲ. ಅವರನ್ನು ಕಾಡುತ್ತಿದ್ದದ್ದು ತೆಗೆದ ಮೇಲಿನ ನೋವು. ಅದಕ್ಕೊಂದು ಉಪಾಯ ಹೂಡಿದ್ದರು. ಹೊಟ್ಟೆ ಹೊಲಿಯುವಾಗ ಹೊಲಿಗೆಯ ಕೆಳಗೆ ಸಣ್ಣ ರಬ್ಬರ್ ನಳಿಕೆಯೊಂದನ್ನು ಬಿಟ್ಟು, ಮುಂದಿನ ಎರಡು ದಿನ ಅದರೊಳಗೆ ಆಗಾಗ ಜೋಮು ಹಿಡಿಸುವ ಔಷಧ ಬಿಡುವುದು. ಗಾಯ ಇದ್ದಲ್ಲೇ ಮರಗಟ್ಟಿ ನೋವು ತಗ್ಗಬೇಕು. ತಗ್ಗುತ್ತದೋ ಇಲ್ಲವೋ ತಿಳಿಯಬೇಕಲ್ಲ? ಹೈದರಾಬಾದಿನ ಅವರ ಗೆಳತಿಯೊಬ್ಬರು ಎರಡು ಬಗೆಯ ಸೀಸೆ ಕಳಿಸಿದ್ದರು. ಕೆಲವಕ್ಕೆ ಕೆಂಪು ದಾರ, ಕೆಲವಕ್ಕೆ ಹಸಿರು ದಾರ. ಒಂದರಲ್ಲಿ ಔಷಧ, ಇನ್ನೊಂದರಲ್ಲಿ ಬರೀ ಉಪ್ಪುನೀರು. ಯಾವುದರಲ್ಲಿ ಯಾವುದು ಎಂದು ಬರೆದ ಚೀಟಿ ಅರಗು ಹಾಕಿದ ಲಕೋಟೆಯಲ್ಲಿ, ಬೀರುವಿನೊಳಗೆ. ನನಗೂ ಗೊತ್ತಿಲ್ಲ, ಡಾಕ್ಟರಮ್ಮನಿಗೂ ಗೊತ್ತಿಲ್ಲ.

ಪ್ರತಿ ಹೆಂಗಸಿಗೂ ಮೊದಲೇ ಎಲ್ಲ ಹೇಳುತ್ತಿದ್ದರು. ಒಪ್ಪಿದವಳು ತಂಬಿಗೆಯಿಂದ ಚೀಟಿ ಎತ್ತಬೇಕು, ಬಂದ ಬಣ್ಣದ ಸೀಸೆ ಅವಳದು. ನೋವು ತಡೆಯಲಾಗದವರಿಗೆ ಮಾರ್ಫಿಯಾ ಸೂಜಿ ಬೇರೆ ಇದ್ದೇ ಇತ್ತು. ಬಾಯಿಬಿಟ್ಟು ಕೇಳಿದರೆ ಸಾಕು.

ಕೇಳಿ ಬರೆದುಕೊಳ್ಳುವ ಕೆಲಸ ನನ್ನದು. ದಿನಕ್ಕೆ ಮೂರು ಸಲ ಮಂಚದ ಬಳಿ ನಿಂತು, "ನೋವು ಎಷ್ಟೈತಮ್ಮಾ?" ಎಂದು ಕೇಳಿ, ಇಲ್ಲ, ಸ್ವಲ್ಪ, ಬಹಳ, ತಡೆಯಲಾಗದು ಎಂಬ ನಾಲ್ಕು ಮನೆಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. "ಅಂದಾಜು ಬರೀಬ್ಯಾಡ. ಕೇಳಿದ್ದು ಬರಿ," ಎಂದಿದ್ದರು ಡಾಕ್ಟರಮ್ಮ. ನಾನು ಕೇಳಿದ್ದನ್ನೇ ಬರೆದೆ.

"ಎಷ್ಟೈತಮ್ಮಾ?"

"ಆರಾಮ ಅದೀನ್ರಿ."

ಮಕ್ತಲಿನವಳು ಆರಾಮ. ಮಾಗನೂರಿನವಳು ಆರಾಮ. ಮಲ್ದಕಲ್ಲಿನ ಲಚ್ಚಮ್ಮ ತೆಲುಗಿನಲ್ಲಿ, "ಬಾಗುಂದಯ್ಯಾ." ನನ್ನ ರಿಜಿಸ್ಟರಿನಲ್ಲಿ 'ಇಲ್ಲ' ಎಂಬ ಮನೆ ಸಂತೆಯಂತೆ ತುಂಬಿತ್ತು, ಉಳಿದ ಮೂರು ಮನೆಗಳಲ್ಲಿ ದೀಪ ಹಚ್ಚುವವರಿರಲಿಲ್ಲ. ಮಾರ್ಫಿಯಾವನ್ನು ಯಾರೂ ಕೇಳಲಿಲ್ಲ. ನಾನಂತೂ ನಮ್ಮ ದವಾಖಾನೆಯೇ ದವಾಖಾನೆ ಎಂದು ಹೋಟೆಲಿನಲ್ಲಿ ಎದೆಯುಬ್ಬಿಸಿ ಚಹಾ ಕುಡಿಯುತ್ತಿದ್ದೆ.

ಆ ಮಳೆಗಾಲದಲ್ಲಿ ಈರಮ್ಮ ಬಂದಳು. ತವರು ಮಕ್ತಲ್, ಕೊಟ್ಟದ್ದು ಗದ್ವಾಲದ ನೇಕಾರರ ಮನೆಗೆ. ಗಂಡನ ಮಗ್ಗಕ್ಕೆ ನೂಲು ಸುತ್ತಿಕೊಡುವವಳು. ಹರಿಗೋಲಿನಲ್ಲಿ ಕೃಷ್ಣೆ ದಾಟಿ, ಅಲ್ಲಿಂದ ಗಾಡಿಯಲ್ಲಿ ಬಂದಿದ್ದಳು. ಜೊತೆಗೆ ಅತ್ತೆ ಬಸಮ್ಮ. ಈರಮ್ಮನ ತುಟಿ, ಉಗುರು, ಕಣ್ಣಿನ ಒಳಗು ಎಲ್ಲ ಬಿಳಿಚಿಕೊಂಡಿದ್ದವು. ಗಡ್ಡೆಯ ಜೊತೆಗೆ ಇನ್ನೊಂದು ಕಾಟ: ಹತ್ತಿಯ ಧೂಳು ಕುಡಿದು ಕುಡಿದು ಉಬ್ಬಸ. ನಾಲ್ಕು ಮಾತಾಡಿದರೆ ಎದೆಯೊಳಗೆ ಕೊಳಲು.

ಡಾಕ್ಟರಮ್ಮ ಎದೆಗೆ ಕಿವಿಯಿಟ್ಟರು, ಹೊಟ್ಟೆ ಮುಟ್ಟಿದರು, ಆಮೇಲೆ ನನ್ನ ರಿಜಿಸ್ಟರನ್ನು ತರಿಸಿ ಹಾಳೆ ಹಾಳೆ ತಿರುವಿದರು.

"ಈರಮ್ಮಾ, ಗಡ್ಡಿ ತೆಗಿಯೋದು ದೊಡ್ಡದಲ್ಲ. ತೆಗೆದಮ್ಯಾಲ ನೀ ಕೆಮ್ಮಬೇಕು. ಎದ್ಯಾಗಿನ ಕಫ ಹೊರಗ ಬರಬೇಕು. ಹೊಲಿಗಿ ನೋವಿಗೆ ಅಂಜಿ ಕೆಮ್ಮಲಿಲ್ಲಂದ್ರ ಕಫ ಅಲ್ಲೇ ಕುಂತು ಜೀವಕ್ಕ ಬರ್ತೈತಿ."

"ನೋವಿಗೆ ಸೂಜಿ ಐತಂತಲ್ರಿ?" ಎಂದಳು ಬಸಮ್ಮ.

"ಉಬ್ಬಸ ಇದ್ದಾಕಿಗೆ ಆ ಸೂಜಿ ಹಾಕಿದ್ರ ಉಸಿರೂ ಮಲಗಿಬಿಡ್ತೈತಿ. ನಳಿಕಿ ಔಷಧ ಒಂದ ದಾರಿ ಇತ್ತು. ಅದು ಕೆಲಸ ಮಾಡಿದ್ರ ಒಂದು ಬಣ್ಣದ ಸಾಲಿನಾಗ ನೋವು ಕಡಿಮಿ, ಇನ್ನೊಂದರಾಗ ಹೆಚ್ಚು ಕಾಣಬೇಕು. ಇಲ್ಲಿ ನೋಡು, ಎರಡೂ ಒಂದ. ಔಷಧಕ್ಕೂ ಉಪ್ಪುನೀರಿಗೂ ಫರಕ ಇಲ್ಲ. ಲಕೋಟಿ ಬಿಚ್ಚೋದೂ ದಂಡ. ಇದನ್ನ ನಂಬಿ ನಿನ್ನ ಹೊಟ್ಟಿ ಕೊಯ್ಯಾಕ ನನಗ ಧೈರ್ಯ ಇಲ್ಲವ್ವಾ."

ಕಬ್ಬಿಣದ ಔಷಧ ಕೊಟ್ಟು ಮನೆಗೆ ಕಳಿಸುವುದೆಂದು ತೀರ್ಮಾನವಾಯಿತು. ಹೀಗೇ ಇನ್ನು ಕೆಲವು ತಿಂಗಳು ರಕ್ತ ಹೋದರೆ ಅವಳು ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ಹುಸೇನಬಿಗೆ ಮೆಲ್ಲಗೆ ಹೇಳಿದ್ದು ನನ್ನ ಚಲೋ ಕಿವಿಗೆ ಬಿತ್ತು. ಆದರೆ ಅಷ್ಟರಲ್ಲಿ ಕೃಷ್ಣೆಗೆ ನೀರು ಏರಿ ಹರಿಗೋಲು ನಿಂತಿತ್ತು. ನೀರಿಳಿಯುವ ತನಕ ಇಲ್ಲೇ ಇರುತ್ತೇವೆಂದು ಅತ್ತೆ ಸೊಸೆ ಪಡಸಾಲೆಯಲ್ಲಿ ಚಾಪೆ ಹಾಸಿದರು.

ಪಡಸಾಲೆ ಎಂದರೆ ಹೆಂಗಸರ ವಾರ್ಡಿನ ಕಿಟಕಿಯ ಬುಡ. ಒಂದು ಮಧ್ಯಾಹ್ನ ಬಸಮ್ಮ ಜೋಳ ಹಸನು ಮಾಡುತ್ತಿದ್ದಳು. ಸೊಸೆಯ ಮುಖ ಸಪ್ಪಗಿತ್ತು. ನಗಿಸೋಣವೆಂದು ವಾರ್ಡಿನ ಒಬ್ಬೊಬ್ಬರದೇ ನಕಲು ತೆಗೆದೆ. ಲಚ್ಚಮ್ಮ ಕತ್ತು ಹೊರಳಿಸಿ "ಬಾಗುಂದಯ್ಯಾ" ಎನ್ನುವುದನ್ನು ಮಾಡಿದಾಗ ಈರಮ್ಮ ನಕ್ಕಳು, ಕೆಮ್ಮಿದಳು. ಬಸಮ್ಮ ನಗಲಿಲ್ಲ. ಮೊರ ಕೆಳಗಿಟ್ಟಳು.

"ಅರ್ಧ ಬಂತು ತಮ್ಮಾ. ಇನ್ನರ್ಧ ನೀ ಕೇಳೇ ಇಲ್ಲ."

"ಯಾವ ಅರ್ಧಬೇ?"

ಬಸಮ್ಮ ಗೋಡೆಯ ಕಡೆ ಹೊರಳಿದಳು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿದಳು. ಹಿಡಿದ ಉಸಿರಿನ ನಡುವಿನಿಂದ ತೀರ ಸಣ್ಣಗೆ, "ಅಮ್ಮಾ... ಓಯಮ್ಮಾ..." ಎಂದಳು. ಲಚ್ಚಮ್ಮನದೇ ದನಿ. ನಾನು ಮಾಡಿದ್ದಕ್ಕಿಂತ ಲಚ್ಚಮ್ಮ.

"ನೀ ಪೆನ್ಸಿಲ್ಲು ಹಿಡಕೊಂಡು ಬಂದಾಗ ಆರಾಮ. ನೀ ಹೊಸ್ತಿಲ ದಾಟಿದಮ್ಯಾಲ ಇದು. ಲಚ್ಚಮ್ಮ ಅಷ್ಟ ಅಲ್ಲ, ಭಾಳ ಮಂದಿ. ಕಿಟಕಿ ಬುಡಕ್ಕ ಮಲಗಿದವರನ್ನ ಕೇಳು."

"ಮತ್ತ ನನ್ನ ಮುಂದ ಯಾಕ ಹೇಳಂಗಿಲ್ಲ?"

"ಹುಚ್ಚಪ್ಪಾ! ಡಾಕ್ಟರಮ್ಮ ಕೈಯಾರೆ ಮಾಡ್ಯಾಳ. ಮರುದಿನ ನೋವು ಅಂದ್ರ ಆಕಿ ಕೈಗುಣ ಚಲೋ ಇಲ್ಲ ಅಂದಂಗ. ಉಂಡ ಮನ್ಯಾಗ ಕುಂತು ಸಾರಿಗೆ ಉಪ್ಪಿಲ್ಲ ಅಂತಾರೇನು? ಅದೂ ಮೀಸಿ ಬಂದ ಗಂಡಸಿನ ಮುಂದ?"

ನನ್ನ ಮೀಸೆ ಆಗಿನ್ನೂ ಅರ್ಜಿ ಹಾಕಿದ ಹಂತದಲ್ಲಿತ್ತು. ಆದರೂ ಮಾತು ನಾಟಿತು. ಹೇಗಿದ್ದೀರಿ ಎಂದರೆ ನಮ್ಮಲ್ಲಿ ಸಾಯುವವರೂ ಆರಾಮ ಎನ್ನುತ್ತಾರೆ. ನಮ್ಮ ಅಜ್ಜಿಯೂ ಹಾಗೇ ಅಂದವಳು. ಗೊತ್ತಿದ್ದೂ ನಾನು ಆ ಮರ್ಯಾದೆಯ ಮಾತನ್ನು ಗುರುತು ಹಾಕಿ ಹಾಕಿ ವೈದ್ಯಶಾಸ್ತ್ರ ಮಾಡಿಟ್ಟಿದ್ದೆ. ಅದರ ಬಲದ ಮೇಲೆ ಡಾಕ್ಟರಮ್ಮ ಈರಮ್ಮನನ್ನು ಹಿಂದಕ್ಕೆ ಕಳಿಸುತ್ತಿದ್ದರು.

ಹೇಳಿದರೆ ನೌಕರಿ ಹೋಗುತ್ತದೆಂದು ಒಂದು ದಿನ ಸುಮ್ಮನಿದ್ದೆ. ಮರುದಿನ ಡಾಕ್ಟರಮ್ಮನ ಮೇಜಿನ ಮುಂದೆ ನಿಂತು, "ಬಸಮ್ಮ ಏನಂತಾಳಂದ್ರ..." ಎಂದು ಬಸಮ್ಮನ ದನಿಯಲ್ಲಿ ಶುರುಮಾಡಿದೆ.

"ನಿನ್ನ ದನಿಯಾಗ ಹೇಳು," ಎಂದರು ತಲೆಯೆತ್ತದೆ.

ನನ್ನ ಸ್ವಂತ ದನಿ ಎಲ್ಲಿಟ್ಟಿದ್ದೇನೆಂದು ಹುಡುಕುವುದಕ್ಕೇ ಸ್ವಲ್ಪ ಹೊತ್ತು ಹಿಡಿಯಿತು. ಎಲ್ಲ ಹೇಳಿದೆ. ರಿಜಿಸ್ಟರನ್ನು ಹರಿದುಹಾಕಲೇ ಎಂದೂ ಕೇಳಿದೆ.

"ಹರೀಬ್ಯಾಡ. ತಪ್ಪು ರಿಜಿಸ್ಟರ್ ಹರಿದವ ಇನ್ನೊಂದು ಅಂಥಾದ್ದೇ ಬರೀತಾನ." ರಿಜಿಸ್ಟರನ್ನು ತಮ್ಮ ಕಡೆಗೆ ಎಳೆದುಕೊಂಡರು. "ನಿನ್ನೊಬ್ಬಂದ ತಪ್ಪಲ್ಲ ಶರಣಪ್ಪ. ಆ ಪ್ರಶ್ನಿ ಕೊಟ್ಟು ನಿನ್ನನ್ನ ಕಳಿಸಿದಾಕಿ ನಾನು. ಇಷ್ಟು ಮಂದಿ ಗ್ವಾಡಿ ಕಡೆ ಮುಖ ಮಾಡಿ ಅತ್ತಾರ, ನಾ ಮಗ್ಗಲ ಕೋಣ್ಯಾಗ ಊಟ ಮಾಡೀನಿ."

ಮೊದಲ ಹಾಳೆಯ ಮೇಲೆ ಕೆಂಪು ಮಸಿಯಲ್ಲಿ ಬರೆದರು: 'ಈ ಪುಸ್ತಕದಲ್ಲಿರುವುದು ನೋವಿನ ಲೆಕ್ಕವಲ್ಲ, ಮರ್ಯಾದೆಯ ಲೆಕ್ಕ.' ಕೆಳಗೆ ಅವರೂ ರುಜು ಮಾಡಿ ನನ್ನಿಂದಲೂ ಮಾಡಿಸಿದರು. ಅವತ್ತಿನಿಂದ ಮಾರ್ಫಿಯಾ ಕೇಳಲಿ ಎಂದು ಕಾಯುವುದು ಬಿಟ್ಟು, ಹುಸೇನಬಿಯೇ ಮಂಚ ಮಂಚಕ್ಕೆ ಹೋಗಿ, ಕಣ್ಣು ನೋಡಿ, ಬೇಕಾದವರ ಹೆಸರು ತಂದು ಹೇಳುವ ರೂಢಿ ಶುರುವಾಯಿತು.

ಆದರೆ ಔಷಧದ ಪ್ರಶ್ನೆ ಹಾಗೇ ಉಳಿಯಿತು. ಬಾಯಿ ಸುಳ್ಳು ಹೇಳಿದರೆ ಅಳೆಯುವುದು ಹೇಗೆ? ಅದಕ್ಕೆ ದಾರಿ ತೋರಿಸಿದವಳೂ ಹುಸೇನಬಿ. ಹಿಂದೊಮ್ಮೆ ನಾನು ವಾರ್ಡಿನಲ್ಲಿ ತಹಶೀಲ್ದಾರರ ನಕಲು ಮಾಡಿ, ಹೆಂಗಸರು ನಕ್ಕು, ಹೊಟ್ಟೆ ಹಿಡಿದು ನನ್ನನ್ನು ಶಪಿಸಿ, ಡಾಕ್ಟರಮ್ಮ ನನ್ನ ನಾಲಿಗೆಗೆ ಹೊಲಿಗೆ ಹಾಕುತ್ತೇನೆಂದು ಎಚ್ಚರಿಸಿದ್ದರು.

"ಅಮ್ಮಾರ," ಎಂದಳು ಹುಸೇನಬಿ, "ಇವನು ನಗಿಸಿದಾಗ ಕೆಲವರು ಎರಡೂ ಕೈಯಿಂದ ಹೊಟ್ಟಿ ಹಿಡೀತಾರ, ಕೆಲವರು ಹಿಡಿಯಂಗಿಲ್ಲ. ನಗೂ ಹೊತ್ತಿನಾಗ ಯಾರು ಸುಳ್ಳು ಹೇಳ್ತಾರ?"

ಡಾಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟರು. "ನಗೂದು, ಕೆಮ್ಮೂದು ಎರಡಕ್ಕೂ ಅದ ಹೊಟ್ಟಿ ಸ್ನಾಯು!"

ಹೀಗೆ ನನ್ನ ದುಷ್ಟಬುದ್ಧಿಗೆ ಸರ್ಕಾರಿ ಮೊಹರು ಬಿತ್ತು. ಹೊಸ ರಿಜಿಸ್ಟರು. ಆಪರೇಷನ್ನಿನ ಮರುದಿನ ಬೆಳಿಗ್ಗೆ, ನಳಿಕೆಯೊಳಗೆ ಸೀಸೆಯ ನೀರು ಬಿಟ್ಟು ಸ್ವಲ್ಪ ಹೊತ್ತಾದ ಮೇಲೆ, ನಾನು ಬಾಗಿಲಲ್ಲಿ ನಿಂತು ತಹಶೀಲ್ದಾರನಾಗಬೇಕು. ಬರೆಯಬೇಕಾದದ್ದು ಒಂದೇ: ನಕ್ಕಾಗ ಕೈ ಎಲ್ಲಿತ್ತು. ಎರಡೂ ಹೊಟ್ಟೆಯ ಮೇಲೋ, ಒಂದೋ, ಯಾವುದೂ ಇಲ್ಲವೋ. ಹೆಂಗಸರಿಗೂ ಮುಚ್ಚುಮರೆಯಿಲ್ಲದೆ ಹೇಳಿದೆವು. ಅಷ್ಟಾದರೂ ಬಿಟ್ಟಿ ತಮಾಷೆ ಬೇಡವೆಂದವರು ಯಾರೂ ಇಲ್ಲ. ಬಿತ್ತನೆ ಮುಗಿದಿತ್ತು, ಹೆಂಗಸರಿಗೆ ಬೇನೆ ತೋರಿಸಲು ಪುರುಸೊತ್ತಾಗಿತ್ತು, ಮಂಚಗಳು ತುಂಬಿದವು.

ನಗಿಸುವುದು ಸುಲಭ, ದಿನಾ ಒಂದೇ ತೂಕದಲ್ಲಿ ನಗಿಸುವುದು ಕತ್ತೆಯ ದುಡಿಮೆ. ವಾರ ಕಳೆಯುವುದರಲ್ಲಿ ನನಗೇ ಬೇಸರ ಬಂದು, ಸಾಹೇಬರ ಪಾನಿಗೆ ಜೊತೆಯಾಗಿ ಅವರ ಸೀನನ್ನೂ ಸೇರಿಸಿದೆ. ಡಾಕ್ಟರಮ್ಮ ಹೊರಗೆ ಕರೆದು ಬೈದರು: "ಸೇರು ದಿನಾ ದೊಡ್ಡದು ಮಾಡಿದ್ರ ಜ್ವಾಳ ಹೆಂಗ ಅಳೀತಿ? ಸೀನು ತೆಗಿ."

ಒಂದು ದಿನ ತಹಶೀಲ್ದಾರರೇ ತಪಾಸಣೆಗೆ ಬಂದರು. ನಾನು ನನ್ನ ಪಾತ್ರ ಮುಗಿಸಿ ಬಾಗಿಲಿನಿಂದ ಸರಿದಿದ್ದೆ; ಅದೇ ಬಾಗಿಲಲ್ಲಿ ಅವರು ನಿಂತು, ಬಾಯಿತುಂಬ ಪಾನಿಟ್ಟುಕೊಂಡು, ಮೂಗಿನಲ್ಲಿ "ಅಚ್ಛಾ, ಅಚ್ಛಾ" ಎಂದರು. ವಾರ್ಡೇ ಸಿಡಿಯಿತು. ಮಲಗಿದವರು, ಆರೈಕೆಗೆ ಬಂದವರು, ಕಸ ಗುಡಿಸುವವಳು, ಎಲ್ಲರೂ.

"ಇವರಿಗೆ ಏನಾಗಿದೆ?" ಎಂದು ಸಾಹೇಬರು ಗಾಬರಿಯಾದರು.

"ಚೇತರಿಕೆ, ಸಾಹೇಬ್ರೆ," ಎಂದರು ಡಾಕ್ಟರಮ್ಮ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ನಾನು ಬಾಗಿಲ ಹಿಂದಿನಿಂದ ಎಲ್ಲರ ಕೈಗಳನ್ನೂ ಬರೆದುಕೊಂಡೆ. ಇಂಥ ನಗೆ ದಂಡವಾಗಬಾರದಲ್ಲ! ಸಂಜೆ ಡಾಕ್ಟರಮ್ಮ ಆ ಸಾಲನ್ನು ಹೊಡೆದುಹಾಕಿದರು. "ಅಸಲು ಬಂದದ್ದನ್ನ ನಕಲಿನ ಲೆಕ್ಕದಾಗ ಸೇರಿಸಬ್ಯಾಡ."

ಇತ್ತ ಕೃಷ್ಣೆ ಇಳಿಯುತ್ತ ಬಂದಳು. ಹರಿಗೋಲು ಮತ್ತೆ ಹಾಕಿದ್ದಾರೆಂದು ಮಕ್ತಲಿನಿಂದ ಬಂದ ಗಾಡಿಯವನು ಹೇಳಿದ. ಕಬ್ಬಿಣದ ಔಷಧ, ಬೆಲ್ಲ, ಸೊಪ್ಪು ತಿಂದು ಈರಮ್ಮನ ತುಟಿಗೆ ಒಂದಿಷ್ಟು ಬಣ್ಣ ಬಂದಿತ್ತು. ಇನ್ನೊಂದು ತಿಂಗಳ ಸರದಿ ಬಂದರೆ ಅದೂ ಹರಿದುಹೋಗುವಂಥದು. ಬಸಮ್ಮ ಚಾಪೆ ಸುತ್ತಿದಳು. "ಲಕೋಟಿ ಬಿಚ್ತೀರೋ, ನಾವು ಹೊಳಿ ದಾಟೂಣೋ, ಒಂದು ಹೇಳಿಬಿಡ್ರಿ."

ಸೀಸೆಗಳು ಮುಗಿಯಲು ಎರಡೇ ಉಳಿದಿದ್ದವು. ಅವನ್ನೂ ಮುಗಿಸಿ, ಇಬ್ಬರ ಕೈಗಳನ್ನೂ ಬರೆದ ಮೇಲೆಯೇ ಡಾಕ್ಟರಮ್ಮ ಬೀರು ತೆರೆದರು. ಅದಕ್ಕೆ ಮುಂಚೆ ನನ್ನಿಂದ ಕೆಂಪು ದಾರದವರದೊಂದು ಸಾಲು, ಹಸಿರು ದಾರದವರದೊಂದು ಸಾಲು ಬರೆಸಿದರು. ಕೆಂಪಿನ ಸಾಲಿನಲ್ಲಿ ಹೆಚ್ಚಿನವರ ಕೈ ಹಾಸಿಗೆಯ ಮೇಲೆ, ಬಾಯಿಯ ಮೇಲೆ, ಪಕ್ಕದವಳ ಬೆನ್ನ ಮೇಲೆ. ಹಸಿರಿನ ಸಾಲಿನಲ್ಲಿ ಹೆಚ್ಚಿನವರದು ಎರಡೂ ಹೊಟ್ಟೆಯ ಮೇಲೆ. ಎಲ್ಲರದೂ ಹಾಗಲ್ಲ, ಕೆಂಪಿನಲ್ಲೂ ಹೊಟ್ಟೆ ಹಿಡಿದವರಿದ್ದರು, ಹಸಿರಿನಲ್ಲೂ ಒಬ್ಬಳು ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟಿದ್ದಳು. ಅವಳನ್ನು ಲೆಕ್ಕದಿಂದ ಬಿಡೋಣವೇ ಎಂದರೆ ಡಾಕ್ಟರಮ್ಮ ಕಣ್ಣು ಕೆಂಪಗೆ ಮಾಡಿದರು.

ಅರಗು ಒಡೆದರು. ಚೀಟಿ ಓದಿದರು. ಅದನ್ನು ಮಡಿಸಿ ನನ್ನ ಕೈಗಿತ್ತು, ಪಡಸಾಲೆಗೆ ನಡೆದರು.

ಕೆಂಪು ದಾರದಲ್ಲಿ ಔಷಧ.

"ಬಸಮ್ಮಾ, ಚಾಪಿ ಹಾಸ್ರಿ," ಎನ್ನುವುದು ಕೇಳಿಸಿತು.

ಈರಮ್ಮನಿಗೆ ಬೆನ್ನಿಗೆ ಸೂಜಿ ಕೊಟ್ಟು ಎಚ್ಚರವಿದ್ದಂತೆಯೇ ಆಪರೇಷನ್ ಮಾಡಿದರು. ನಾನು ತಟ್ಟೆ ಹಿಡಿದಿದ್ದೆ, ಬೀಳಲಿಲ್ಲ. ಹೊಲಿಗೆಯ ಕೆಳಗೆ ನಳಿಕೆ ಬಿಟ್ಟರು. ಈ ಸಲ ಚೀಟಿ ಎತ್ತುವುದಿರಲಿಲ್ಲ. ಹೈದರಾಬಾದಿನಿಂದ ತರಿಸಿದ ಔಷಧವೇ. ಆದರೆ ಹೆಚ್ಚಿನವರಿಗೆ ಕೆಲಸ ಮಾಡಿದ್ದು ಎಲ್ಲರಿಗೂ ಮಾಡುತ್ತದೆಂದಿಲ್ಲವಲ್ಲ. ಅವಳು ಯಾವ ಸಾಲಿನವಳೆಂಬುದು ಬೆಳಗಾದ ಮೇಲೆ ತಿಳಿಯಬೇಕಿತ್ತು.

ಮರುದಿನ ಬೆಳಿಗ್ಗೆ ಅವಳ ಎದೆಯೊಳಗೆ ಕೊಳಲು ಊದುತ್ತಿತ್ತು. ಡಾಕ್ಟರಮ್ಮ, "ಕೆಮ್ಮವ್ವಾ" ಎಂದರು. ಈರಮ್ಮ ಗುಬ್ಬಿಯಂತೆ ಕೆಮ್ಮಿದಳು. ನೋವಿಗೋ, ಅಂಜಿಕೆಗೋ ಗೊತ್ತಾಗಲಿಲ್ಲ. "ನೋವು ಐತೇನು?" ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಡಾಕ್ಟರಮ್ಮ ನನ್ನ ಕಡೆ ನೋಡಿದರು.

ನಾನು ಬಾಗಿಲಿಗೆ ಹೋಗಿ ತಹಶೀಲ್ದಾರನಾದೆ. ಪಾನು. ಮೂಗು. ಅಚ್ಛಾ, ಅಚ್ಛಾ.

ಈರಮ್ಮ ನನ್ನನ್ನೇ ನೋಡುತ್ತ ಮಲಗಿದ್ದಳು. ತುಟಿಯೂ ಅಲುಗಲಿಲ್ಲ.

ಇನ್ನೊಮ್ಮೆ ಮಾಡಿದೆ. ಇಲ್ಲ. ಹಾಳಾದ್ದು, ಇವಳು ಮಳೆಗಾಲವಿಡೀ ಕಿಟಕಿಯಲ್ಲಿ ಇದನ್ನೇ ನೋಡಿದವಳು! ಹುಸೇನಬಿ ಬಾಯಲ್ಲೇ ಏನೋ ಜಪಿಸತೊಡಗಿದಳು. ಬಸಮ್ಮ ಮಂಚದ ಕಾಲು ಹಿಡಿದು ಕೂತಿದ್ದಳು.

"ಶರಣಪ್ಪಣ್ಣಾ," ಎಂದಳು ಈರಮ್ಮ ಕೊನೆಗೆ, "ತಹಶೀಲ್ದಾರ್ ಹಳಸಿ ಹೋದ. ನಾ ಒಬ್ಬರದು ಮಾಡ್ಲೇನು?"

ದಿಂಬಿಗೆ ಒರಗಿಕೊಂಡಳು. ಕತ್ತನ್ನು ಬಾತುಕೋಳಿಯಂತೆ ಮುಂದೆ ಚಾಚಿದಳು. ಇಲ್ಲದ ಪುಸ್ತಕವೊಂದನ್ನು ಎತ್ತಿ ಹಿಡಿದು, ಇಲ್ಲದ ಪೆನ್ಸಿಲನ್ನು ನಾಲಿಗೆಗೆ ಒತ್ತಿ, ಇಲ್ಲದ ಮೀಸೆಯನ್ನು ಅದರಿಂದಲೇ ತೀಡಿ, ಊರಿಗೆಲ್ಲ ತಾನೇ ಮದ್ದು ಕೊಟ್ಟವನ ಗತ್ತಿನಲ್ಲಿ, "ನೋವು ಎಷ್ಟೈತಮ್ಮಾ? ಆರಾಮ? ಭೇಷ್! ಬರಕೊಂಡೆ!" ಎಂದಳು.

ಅದು ನಾನು. ನನಗಿಂತ ನಾನು.

ವಾರ್ಡಿನಲ್ಲಿ ಇಂಥ ನಗೆಯನ್ನು ನಾನು ತಿಂಗಳುಗಟ್ಟಲೆ ದುಡಿದರೂ ಎಬ್ಬಿಸಿರಲಿಲ್ಲ. ಹುಸೇನಬಿ ನೆಲಕ್ಕೆ ಕೂತಳು. ಬಸಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತ ಅಳುತ್ತಿದ್ದಳು. ಅವರೆಲ್ಲರನ್ನೂ ನೋಡಿ ಈರಮ್ಮನೇ ನಕ್ಕಳು, ನಗೆ ಕೆಮ್ಮಿಗೆ ತಿರುಗಿತು, ಕೆಮ್ಮು ಎದೆಯ ಬುಡದಿಂದ ಎದ್ದು ಬಂತು. ಅತ್ತೆ ಬಟ್ಟಲು ಹಿಡಿದಳು, ಕಫ ಬಂತು. ಅವಳು ಉಸಿರೆಳೆದುಕೊಂಡು ಮತ್ತೆ ನನ್ನ ಮೀಸೆ ತೀಡಿದಳು.

ಡಾಕ್ಟರಮ್ಮ ನನ್ನ ಬೆನ್ನ ಹಿಂದೆ ನಿಂತಿದ್ದರು. ಅವರ ದನಿ ಅಂದು ಒಂದಿಷ್ಟು ನಡುಗಿತ್ತು. ಅದನ್ನು ಮಾತ್ರ ನಾನು ಯಾರ ಮುಂದೆಯೂ ನಕಲು ಮಾಡಿಲ್ಲ.

"ಏನು ನೋಡಾಕ ಹತ್ತೀಯೋ? ಕೈ ಎಲ್ಲಿ ಅದಾವ, ಬರಿ."

ಕಂಡದ್ದನ್ನೇ ಬರೆದೆ: 'ಈರಮ್ಮ, ಗದ್ವಾಲ. ಎಡಗೈಯಲ್ಲಿ ನನ್ನ ರಿಜಿಸ್ಟರು, ಬಲಗೈಯಲ್ಲಿ ನನ್ನ ಪೆನ್ಸಿಲ್ಲು.'